ಆಷಾಢದ ಗಾಳಿಗೆ ಕಿವಿಗೊಟ್ಟು: ಶ್ರೀರಂಗಪಟ್ಟಣ, ಮೇಲುಕೋಟೆ, ತಲಕಾಡು

ಹಾಳು ಬಿದ್ದ ಕೋಟೆಯಲ್ಲಿ ಸರಪಳಿ ಎಳೆದ ಸದ್ದು, ಪೂಜೆ ನಿಂತ ಗುಡಿಯಲ್ಲಿ ಗಂಟೆ, ಮರಳಿನೊಳಗಿಂದ ಹೆಂಗಸಿನ ದನಿ. ಮೈಸೂರು, ಮಂಡ್ಯದ ಕಡೆ ಬೆಳೆದವರಿಗೆ ಈ ಮಾತುಗಳು ಹೊಸವಲ್ಲ. ಹೇಳುವವರನ್ನು ಸುಳ್ಳರು ಎಂದು ತಳ್ಳಿಹಾಕುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಅವರು ಏನನ್ನೋ ಕೇಳಿರುತ್ತಾರೆ. ಆ ಸದ್ದಿಗೆ ಮೂಲ ಎಲ್ಲಿದೆ ಎಂದು ನಿಂತು ಹುಡುಕುವ ಪುರುಸೊತ್ತು ಯಾರಿಗೂ ಇರುವುದಿಲ್ಲ, ಅಷ್ಟೆ. ಗಾಳಿ ಹುಚ್ಚೆದ್ದು ಬೀಸುವ ಆಷಾಢವೇ ಇದಕ್ಕೆ ಸರಿಯಾದ ಕಾಲ ಎಂದುಕೊಂಡು ನಾನೂ ನನ್ನ ತಮ್ಮನೂ ಮೈಸೂರಿನಿಂದ ಹೊರಟೆವು.

ಮೊದಲ ದಿನ: ಪಟ್ಟಣದ ಸೆರೆಮನೆ

ಹೊಸ ಹೆದ್ದಾರಿ ಊರನ್ನು ಪಕ್ಕಕ್ಕೆ ಬಿಟ್ಟು ಓಡುವುದರಿಂದ ಶ್ರೀರಂಗಪಟ್ಟಣ ನೋಡುವವರು ಹಳೆಯ ರಸ್ತೆಯಲ್ಲೇ ಬರುವುದು ಮೇಲು. ಮಧ್ಯಾಹ್ನಕ್ಕೆ ಕೋಟೆಯ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಬಿಸಿ ಮುದ್ದೆ, ಕಾಳಿನ ಉಪ್ಸಾರು, ಮೇಲೆ ಹಸಿಖಾರ. ಬಡಿಸುತ್ತಿದ್ದ ಹೆಂಗಸು ನಾವು ಸೆರೆಮನೆ ನೋಡಲು ಬಂದವರೆಂದು ತಿಳಿದು, "ಹೊತ್ತು ಮುಳುಗೋಕೆ ಮುಂಚೆ ಹೋಗ್ಬುಡಿ, ಆಮೇಲೆ ಬಿಡಾಕಿಲ್ಲ" ಎಂದರು. ದೆವ್ವಕ್ಕೆ ಹೆದರಿಯೋ ಎಂದು ಕೇಳಿದೆ. "ದೆವ್ವ ಯಾಕೆ, ಬೀಗ ಹಾಕ್ತಾರಲ್ಲ" ಎಂದು ಇನ್ನೊಂದು ಸೌಟು ಸಾರು ಬಿಟ್ಟರು.

ಆ ಮಾತು ಬಹಳ ಸರಿಯಾದದ್ದು. ರಾಜಸ್ಥಾನದ ಭಾನ್‌ಗಢ ಕೋಟೆಯಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಪ್ರವೇಶವಿಲ್ಲ ಎಂದು ಪುರಾತತ್ವ ಇಲಾಖೆ ಹಾಕಿದ ಫಲಕವನ್ನೇ ಜನ ದೆವ್ವಕ್ಕೆ ಸರ್ಕಾರ ಕೊಟ್ಟ ಸರ್ಟಿಫಿಕೇಟ್ ಎಂಬಂತೆ ಹಂಚಿಕೊಳ್ಳುತ್ತಾರೆ. ಸಂರಕ್ಷಿತ ಸ್ಮಾರಕಗಳಲ್ಲಿ ಬಹುಪಾಲಿಗೆ ಸಂಜೆ ಬೀಗ ಬೀಳುವುದು ಮಾಮೂಲು.

ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕರ್ನಲ್ ಬೇಲಿಯ ಹೆಸರಿನ ಸೆರೆಮನೆ ಕೋಟೆಯ ಉತ್ತರ ಬದಿಯಲ್ಲಿ, ಕಾವೇರಿಗೆ ಮುಖ ಮಾಡಿಕೊಂಡು, ನೆಲಮಟ್ಟಕ್ಕಿಂತ ಕೆಳಗೆ ಇದೆ. ಇಟ್ಟಿಗೆ, ಗಾರೆಯ ಕಮಾನು ಮಾಡು. ಉದ್ದ ಸುಮಾರು 30 ಮೀಟರ್. ಗೋಡೆಗಳಲ್ಲಿ ಕೈದಿಗಳನ್ನು ಕಟ್ಟಲು ತೂತು ಕೊರೆದ ಕಲ್ಲುಗಳಿವೆ. ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಇಟ್ಟನೋ ಇಲ್ಲವೋ, ತಮ್ಮ ಗಕ್ಕನೆ ನಿಂತು ಹಿಂದಕ್ಕೆ ನೋಡಿದ. ಯಾರೋ ಹಿಂದೆ ಬಂದಂತಾಯಿತಂತೆ. ನಾನು ಅವನ ಮುಂದೆ ಇದ್ದೆ. ಹಿಂದೆ ಬರಿಯ ಕಮಾನು.

ಇದರ ಲೆಕ್ಕ ಹೀಗಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರಿನ ಗೋಡೆ 17 ಮೀಟರಿಗಿಂತ ದೂರವಿದ್ದರೆ, ತಟ್ಟಿ ತಿರುಗಿದ ಸದ್ದು ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ತಡವಾಗಿ ಬರುತ್ತದೆ, ಕಿವಿ ಅದನ್ನು ಬೇರೊಂದು ಸದ್ದೆಂದೇ ಎಣಿಸುತ್ತದೆ. ಮೊಣಕೈ ದೂರದಲ್ಲಿ ಗೋಡೆಯಿದ್ದರೆ ಎರಡೂ ಬೆರೆತು ಒಂದಾಗುತ್ತವೆ. ಈ ಉದ್ದದ ಕಮಾನಿನಲ್ಲಿ ನಮ್ಮ ಹೆಜ್ಜೆ ಆ ತುದಿಗೆ ಹೋಗಿ, ನಾವು ಮುಂದಿನ ಹೆಜ್ಜೆ ಎತ್ತುವ ಮೊದಲೇ ಇನ್ನೊಬ್ಬರ ಹೆಜ್ಜೆಯಾಗಿ ಬರುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಇದನ್ನೇ ಕೂಗಿ ಕೂಗಿ ಕೇಳಿ ಖುಷಿ ಪಡುತ್ತೇವೆ. ಇಲ್ಲಿ ಕತ್ತಲಿದೆ, ಯಾರೋ ಸತ್ತ ಜಾಗ ಎಂದು ಮೊದಲೇ ತಿಳಿದಿದೆ. ಹಾಗಾಗಿ ಎದೆ ಧಸಕ್ಕೆನ್ನುತ್ತದೆ.

ಸರಪಳಿಯ ಸದ್ದಿಗೂ ಅಲ್ಲೇ ಜವಾಬು ಸಿಕ್ಕಿತು. ಹೊರಗೆ ಬನ್ನಿ ಎಂದು ಕರೆಯಲು ಬಂದ ಕಾವಲುಗಾರ ಬೀಗದ ಕೈಗೊಂಚಲನ್ನು ಬೆರಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲ ಬಳಿ ನಿಂತಿದ್ದ. ನಾವಿದ್ದದ್ದು ಆಚೆ ತುದಿಯಲ್ಲಿ. ಗೊಂಚಲು ಒಮ್ಮೆ ಅಲುಗಿತು. ನುಣುಪು ಗಾರೆಯ ಎರಡು ಗೋಡೆಗಳ ನಡುವೆ ಆ ಕಿಣಿಕಿಣಿ ಅತ್ತಿಂದಿತ್ತ ಪುಟಿದು, ಎಳೆ ಎಳೆಯಾಗಿ ಉದ್ದವಾಗಿ, ನೆಲದ ಮೇಲೆ ಕಬ್ಬಿಣ ಎಳೆದುಕೊಂಡು ಬಂದ ಹಾಗೆಯೇ ನಮ್ಮನ್ನು ಮುಟ್ಟಿತು. ಆತನ ಅನುಮತಿ ಕೇಳಿ ಮತ್ತೆ ಮತ್ತೆ ಅಲುಗಿಸಿ ಕೇಳಿದೆವು. ಪ್ರತಿ ಸಲವೂ ಮೈ ನವಿರೆದ್ದಿತು. ಕಾರಣ ತಿಳಿದ ಮೇಲೂ ಏಳುತ್ತದೆ ಅನ್ನುವುದು ನನಗೆ ಮುಖ್ಯವೆನಿಸಿತು.

ಏಕೆಂದರೆ ಇಲ್ಲಿ ಸರಪಳಿ ಬರಿಯ ಕಥೆಯಲ್ಲ. 1780ರ ಪೊಲ್ಲಿಲೂರು ಕಾಳಗದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆಗೆ ಸೋತು ಸೆರೆಸಿಕ್ಕ ಬೇಲಿ 1782ರಲ್ಲಿ ಪಟ್ಟಣದಲ್ಲೇ ಸತ್ತ. ಅವನ ಜೊತೆ ಸೆರೆಸಿಕ್ಕ ಡೇವಿಡ್ ಬೇರ್ಡ್ 1784ರವರೆಗೆ ಇಲ್ಲೇ ಬಂದಿಯಾಗಿದ್ದು, 1799ರ ಮೇ 4ರಂದು ಇದೇ ಕೋಟೆಯ ಗೋಡೆ ಹತ್ತಿದ ಬ್ರಿಟಿಷ್ ಸೈನ್ಯದ ಮುಂದಾಳಾಗಿ ಬಂದ. ಅಂದು ಸತ್ತ ಟಿಪ್ಪುವಿನ ದೇಹ ಸಿಕ್ಕ ಜಾಗವೂ ಇಲ್ಲಿಂದ ನಡೆದುಹೋಗುವಷ್ಟು ಹತ್ತಿರ. ದೆವ್ವದ ವಿಡಿಯೊ ಮಾಡಲು ಬರುವವರು ಇದನ್ನೆಲ್ಲ ಬಿಟ್ಟು ಬರಿಯ 'ಸದ್ದು, ಸದ್ದು' ಎನ್ನುವಾಗ ನನಗೆ ಸಂಕಟವಾಗುತ್ತದೆ. ಬೇಡಿ ಹಾಕಿಸಿಕೊಂಡವರೂ ಮನುಷ್ಯರು, ಗೋಡೆ ಕಾಯುತ್ತ ಸತ್ತವರೂ ಮನುಷ್ಯರು.

ಬೀಗ ಬಿದ್ದ ಮೇಲೆ ಹೊಳೆ ದಂಡೆಯಲ್ಲಿ ಕೂತೆವು. ತುಂತುರು ಹನಿ. ಕತ್ತಲಾಗುತ್ತ ಆಚೆಯ ಕಲ್ಲುಬಂಡೆಗಳ ಕಡೆಯಿಂದ ತೀಕ್ಷ್ಣವಾದ ಒಂದು ಕೂಗು ಎದ್ದು, ಏರಿ ಏರಿ, ಅಳುವಿನಂತೆ ಮುರಿದು ಬಿತ್ತು. ಕಲ್ಲುಗೊರವ. ಹಗಲೆಲ್ಲ ನೆಲದ ಬಣ್ಣಕ್ಕೆ ಬಣ್ಣವಾಗಿ ಕೂತು, ಮುಸ್ಸಂಜೆಗೆ ಬಾಯಿ ಬಿಡುವ ಹಕ್ಕಿ. ಹಕ್ಕಿಯ ಹೆಸರು ಗೊತ್ತಿಲ್ಲದವನಿಗೆ ಆ ಹೊತ್ತಿನಲ್ಲಿ, ಆ ಗೋಡೆಗಳ ಬುಡದಲ್ಲಿ, ಅದು ಏನಾಗಿ ಕೇಳಿಸಬಹುದು ಎಂದು ಯಾರೂ ಊಹಿಸಬಹುದು. ನಮ್ಮಲ್ಲಿ ಬುಡಬುಡಿಕೆಯವರು ಹಾಲಕ್ಕಿಯ ನುಡಿ ಕೇಳಿ ಬೆಳಗಿನ ಜಾವ ಮನೆ ಮುಂದೆ ಶಕುನ ಹೇಳುತ್ತಿದ್ದರು. ರಾತ್ರಿಯ ಹಕ್ಕಿಯ ದನಿಗೆ ಅರ್ಥ ಹಚ್ಚುವುದು ಈ ನೆಲಕ್ಕೆ ಹಳೆಯ ಅಭ್ಯಾಸ.

ಮರುದಿನ: ಕನ್ನಂಬಾಡಿ, ಮೇಲುಕೋಟೆ

ಬೆಳಗ್ಗೆ ಎದ್ದಾಗ ಮುಂದಿನ ಟಯರು ನೆಲ ಹಿಡಿದಿತ್ತು. ಪಂಕ್ಚರ್ ಹಾಕಿಸಿ ಹೊಸ ಕನ್ನಂಬಾಡಿ ತಲುಪುವಷ್ಟರಲ್ಲಿ ಹತ್ತು ಗಂಟೆ. ಅಣೆಕಟ್ಟೆ ಕಟ್ಟಿದಾಗ ಹಳೆಯ ಕನ್ನಂಬಾಡಿಯ ಜೊತೆಗೆ ನೀರಿನಡಿ ಸೇರಿದ ವೇಣುಗೋಪಾಲನ ಗುಡಿಯನ್ನು ಈಚಿನ ವರ್ಷಗಳಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹಿನ್ನೀರಿನ ದಡದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಮಳೆಗಾಲಕ್ಕೆ ನೀರು ಏರುತ್ತಿತ್ತು. ದಡದ ಕಲ್ಲುಗಳ ಸಂದಿಗೆ ಅಲೆ ನುಗ್ಗಿ ಗುಳುಂ ಎಂದು ಒಳಗೇ ಗುದ್ದಿಕೊಳ್ಳುತ್ತಿತ್ತು. ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ, "ನಮ್ಮ ತಾತನ ಮನೆ ಅಲ್ಲಿತ್ತು" ಎಂದು ನೀರಿನ ನಡುವಿಗೆ ಕೋಲು ತೋರಿಸಿದ. ಊರಿನ ಸದ್ದೇನಾದರೂ ಕೇಳುತ್ತದೆಯೇ ಎಂದು ತಮ್ಮ ಕೇಳಿದ. ಅಜ್ಜ ಬಹಳ ಹೊತ್ತು ಯೋಚಿಸಿ, "ನೀರು ತುಂಬ ಇಳಿದ ಬೇಸಿಗೇಲಿ ಕಲ್ಲು ಕಾಣ್ತವೆ. ಸದ್ದು ಇಲ್ಲ ಕಣಪ್ಪ. ಸದ್ದು ಮಾಡೋಕೆ ಯಾರವ್ರೆ" ಎಂದ. ಅಲ್ಲಿ ಹೆಚ್ಚು ಮಾತನಾಡಲು ನಮಗೂ ಆಗಲಿಲ್ಲ.

ಪಾಂಡವಪುರ ದಾಟಿ ಮೇಲುಕೋಟೆಯ ಕಡೆ ಹೊರಳಿದರೆ ಕಬ್ಬು, ತೆಂಗು ಹಿಂದೆ ಸರಿದು ಕಲ್ಲುಗುಡ್ಡಗಳು ಎದುರಾಗುತ್ತವೆ. ದಾರಿಯಲ್ಲಿ ಒಂದು ಆಲೆಮನೆ. ನಿಲ್ಲಿಸಿದವರಿಗೆ ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲೇ ಎಲೆಯ ಮೇಲೆ ಬಿಸಿ ಬೆಲ್ಲ ಇಟ್ಟುಕೊಟ್ಟರು. ಮೇಲುಕೋಟೆಯಲ್ಲಿ ಪುಳಿಯೋಗರೆ, ಸಕ್ಕರೆ ಪೊಂಗಲ್ ಕಟ್ಟಿಸಿಕೊಂಡೆವು. ಪೊಂಗಲಿನ ಪೊಟ್ಟಣವನ್ನು ಕಲ್ಯಾಣಿಯ ಮೆಟ್ಟಿಲಲ್ಲಿ ಕೋತಿಯೊಂದು ತಮ್ಮನ ಕೈಯಿಂದಲೇ ಕಿತ್ತುಕೊಂಡಿತು. ಅಲ್ಲಿ ತಿಂಡಿಯನ್ನು ಚೀಲದೊಳಗೇ ಇಟ್ಟುಕೊಳ್ಳಬೇಕು, ಕೈಯಲ್ಲಿ ಹಿಡಿದು ನಡೆಯಬಾರದು.

ನಾವು ಬಂದದ್ದು ರಾಯಗೋಪುರಕ್ಕಾಗಿ. ಮೇಲೆ ಗೋಪುರವಿಲ್ಲದ, ಕೆಲಸ ಅರ್ಧಕ್ಕೇ ನಿಂತ ಹೆಬ್ಬಾಗಿಲು. ಕುತ್ತಿಗೆ ನೋಯುವಷ್ಟು ಎತ್ತರದ ಕಂಬಗಳು, ಸುತ್ತ ಬಂಡೆ, ಬಯಲು. ಗಾಳಿಗೆ ಇಲ್ಲಿ ತಡೆಯೇ ಇಲ್ಲ. ನಿಂತ ಕೂಡಲೇ ಕೇಳಿತು: ತಗ್ಗು ದನಿಯ ಒಂದು 'ಹೂಂ', ನಿಲ್ಲುವುದು, ಮತ್ತೆ ಏಳುವುದು. ಎಲ್ಲಿಂದ ಎಂದು ತಿಳಿಯದು. ಕಂಬದಿಂದ ಕಂಬಕ್ಕೆ ಕಿವಿ ಹಚ್ಚಿ ಹುಡುಕಿದೆವು. ಒಂದು ಕಡೆ ಕಲ್ಲಿನಲ್ಲಿ ಕೊರೆದು ಬಿಟ್ಟ ಗುಳಿ; ಗಾಳಿ ಅದರ ಬಾಯಿಗೆ ಅಡ್ಡವಾಗಿ ಬೀಸಿದಾಗಲೆಲ್ಲ, ಖಾಲಿ ಸೀಸೆಯ ಬಾಯಿಗೆ ಊದಿದ ಹಾಗೆ, ಒಳಗಿನ ಗಾಳಿ ಮಿಡಿದು ದನಿಯಾಗುತ್ತಿತ್ತು. ತಮ್ಮ ಅಂಗೈ ಮುಚ್ಚಿದ, ದನಿ ನಿಂತಿತು. ತೆಗೆದ, ಬಂತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಾಗಿಲನ್ನೋ ತೊಲೆಯನ್ನೋ ಕೂರಿಸಲು ಯಾರೋ ಕೊರೆದಿಟ್ಟ ಗುಳಿ, ಆ ಕೆಲಸ ಮುಗಿಯದೆ, ಇಷ್ಟು ಕಾಲ ಗಾಳಿಗೆ ಬಾಯಾಗಿ ನಿಂತಿದೆ.

ಫೋನಿನಲ್ಲಿ ಹಿಡಿಯಲು ನೋಡಿದೆವು. ಆಮೇಲೆ ಕೇಳಿದರೆ ಬರಿಯ ಬರ್ರೋ ಎನ್ನುವ ಗಾಳಿಯ ಹೊಡೆತ, 'ಹೂಂ' ಎಲ್ಲೂ ಇಲ್ಲ. ಮೈಕಿನ ತೂತಿಗೆ ಗಾಳಿ ನೇರ ಬಡಿದಾಗ ಹಾಗಾಗುತ್ತದೆ. ಜಾಲದಲ್ಲಿ ಓಡಾಡುವ 'ದೆವ್ವದ ದನಿ'ಗಳಲ್ಲಿ ಎಷ್ಟೋ ಈ ಬಡಿತದಿಂದಲೇ ಹುಟ್ಟಿದವು ಎಂದು ನನ್ನ ಅಂದಾಜು. ನಿಜವಾಗಿ ಹಿಡಿಯಬೇಕೆಂದರೆ ಮೈಕಿಗೆ ದಪ್ಪ ಉಣ್ಣೆಬಟ್ಟೆಯನ್ನಾದರೂ ಸುತ್ತಬೇಕು.

ಸಂಜೆ ಬಿಸಿಲಿನ ಒಂದು ತುಣುಕು ಬಂದು ಹೋಯಿತು. ಬಂಡೆ ತಣಿಯುವಾಗ ಎಲ್ಲೋ ಟಿಕ್ ಎಂದು ಸಿಡಿದಂತೆ ಕೇಳಿತು. ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗುವಾಗ ಕಲ್ಲು ಮಾತಾಡುತ್ತದೆ. ಇದರ ಬಹು ಹಳೆಯ ಸಾಕ್ಷಿ ಈಜಿಪ್ಟಿನಲ್ಲಿದೆ. ಥೀಬ್ಸ್‌ನ ಮೆಮ್ನನ್ ಎಂಬ ಜೋಡಿ ವಿಗ್ರಹಗಳಲ್ಲಿ ಒಂದು, ಭೂಕಂಪಕ್ಕೆ ಬಿರುಕುಬಿಟ್ಟ ಮೇಲೆ, ಬೆಳಗಿನ ಜಾವ ಹಾಡುತ್ತಿತ್ತಂತೆ. ಭೂಗೋಳ ಬರೆದ ಸ್ಟ್ರಾಬೊ ತಾನೂ ಕೇಳಿದ್ದಾಗಿ ಹೇಳಿ, ಅದು ಕಲ್ಲಿನಿಂದಲೇ ಬಂತೋ ಸುತ್ತ ನಿಂತವರಿಂದಲೋ ಎಂದು ಅನುಮಾನವನ್ನೂ ಬರೆದಿಟ್ಟಿದ್ದಾನೆ. ಆಮೇಲೆ ರೋಮನ್ನರ ಕಾಲದಲ್ಲಿ ಅದನ್ನು ದುರಸ್ತಿ ಮಾಡಿದರು, ಹಾಡು ನಿಂತುಹೋಯಿತು. ಬಿರುಕಿನಲ್ಲಿದ್ದ ಇಬ್ಬನಿ ಬಿಸಿಲಿಗೆ ಆವಿಯಾಗುವಾಗ ಆ ದನಿ ಹುಟ್ಟುತ್ತಿತ್ತು ಎಂದು ಹೇಳುವವರಿದ್ದಾರೆ.

ರಾತ್ರಿ ತಂಗಿದ್ದ ಕೋಣೆಯಲ್ಲಿ ತಮ್ಮ ಕೇಳಿದ: ಸದ್ದೇ ಕೇಳದಿದ್ದರೂ ಕೆಲವು ಕಡೆ ಎದೆ ಭಾರವಾಗುತ್ತದಲ್ಲ, ಅದಕ್ಕೇನು? ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಎಂಜಿನಿಯರಿಗೆ ತನ್ನ ಪ್ರಯೋಗಾಲಯದಲ್ಲಿ ಹಾಗೇ ಆಗುತ್ತಿತ್ತು, ಮಬ್ಬು ಆಕಾರವೂ ಕಂಡಿತ್ತು. ಕೊನೆಗೆ ಹೊಸದಾಗಿ ಕೂರಿಸಿದ್ದ ಫ್ಯಾನೊಂದು ಸುಮಾರು 19 ಹರ್ಟ್ಸ್‌ನ, ಎಂದರೆ ಸೆಕೆಂಡಿಗೆ 19 ಸಲದ ಕಂಪನ ಹುಟ್ಟಿಸುತ್ತಿದೆ ಎಂದು ಪತ್ತೆಹಚ್ಚಿ 1998ರಲ್ಲಿ ಪ್ರಕಟಿಸಿದ. ನಮ್ಮ ಕಿವಿಗೆ ಕೇಳುವುದು 20 ಹರ್ಟ್ಸ್‌ನಿಂದ ಮೇಲೆ. ಗಾಳಿಯೂ ಅಂಥ ಕೇಳದ ಸದ್ದನ್ನು ಹುಟ್ಟಿಸಬಲ್ಲದು. ಎಲ್ಲ ಹಾಳುಗುಡಿಗಳಿಗೂ ಇದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಎದೆ ಭಾರವಾದವನನ್ನು ಪುಕ್ಕಲ ಎನ್ನುವ ಮೊದಲು ನೂರು ಸಲ ಯೋಚಿಸಬೇಕು.

ಕೊನೆಯ ದಿನ: ತಲಕಾಡಿನ ಮರಳು

ಮೇಲುಕೋಟೆ ಇಳಿದು, ಪಟ್ಟಣ ದಾಟಿ, ಬನ್ನೂರಿನ ಮೇಲೆ ತಿರುಮಕೂಡಲು ನರಸೀಪುರದ ದಾರಿ. ನಾಲೆಗೆ ನೀರು ಬಿಟ್ಟಿದ್ದರು, ಗದ್ದೆಗಳಲ್ಲಿ ಉಳುಮೆ ನಡೆದಿತ್ತು. ಬನ್ನೂರಿನಲ್ಲಿ ಇಡ್ಲಿ, ಕಾಯಿಚಟ್ನಿ, ದಪ್ಪ ಹಾಲಿನ ಕಾಫಿ. ಕಾಫಿ ಹೀರುತ್ತ ತಮ್ಮನಿಗೆ ಅಲಮೇಲಮ್ಮನ ಕಥೆಯನ್ನು ಮೊದಲಿಂದ ಹೇಳಿದೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣ ಪಡೆದರು. ಆತನ ಹೆಂಡತಿ ಅಲಮೇಲಮ್ಮನ ಒಡವೆಗಳು ಪಟ್ಟಣದ ರಂಗನಾಯಕಿಗೆ ತೊಡಿಸುವಂಥವು. ಅವನ್ನು ಕೇಳಿ ಸೈನಿಕರು ಬೆನ್ನಟ್ಟಿದಾಗ ಆಕೆ ಒಡವೆ ಕಟ್ಟಿಕೊಂಡು ಹೊಳೆಗೆ ಹಾರಿದಳು ಎಂದು ಕಥೆ. ಹಾರುವ ಮುನ್ನ ನುಡಿದದ್ದು ನಮ್ಮೆಲ್ಲರ ಬಾಯಲ್ಲಿದೆ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ಮೈಸೂರು ಅರಮನೆಯಲ್ಲಿ ಆಕೆಗೆ ಇಂದಿಗೂ ಪೂಜೆ ಸಲ್ಲುತ್ತದೆ. ಸಾಯುವ ಹೆಣ್ಣೊಬ್ಬಳ ದನಿಯನ್ನು ಒಂದು ಸೀಮೆ ನಾನೂರು ವರ್ಷ ಕಿವಿಯಲ್ಲಿ ಇಟ್ಟುಕೊಂಡಿದೆ.

ಮರಳಿಗೆ ಶಾಪವಲ್ಲದ ಕಾರಣಗಳೂ ಇವೆ. ಕಾವೇರಿ ಇಲ್ಲಿ ತಿರುವು ತೆಗೆದುಕೊಂಡು ಮರಳನ್ನು ಗುಡ್ಡೆ ಹಾಕುತ್ತದೆ. ಮೇಲುಗಡೆ ಮಾಧವಮಂತ್ರಿ ಕಟ್ಟೆ ಆದ ಮೇಲೆ ನೀರು ತಗ್ಗಿ ಹೊಳೆಯ ಮರಳು ಬಿಸಿಲಿಗೆ ಒಣಗಿ ತೆರೆದುಕೊಂಡಿತು, ಮುಂಗಾರಿನ ಗಾಳಿ ಅದನ್ನು ಊರಿನೊಳಕ್ಕೆ ಹೊತ್ತು ತಂದಿತು ಎಂದು ಭೂವಿಜ್ಞಾನ ಬಲ್ಲವರು ಹೇಳುತ್ತಾರೆ. ಗಂಗರ ರಾಜಧಾನಿ, ಆಮೇಲೆ ಚೋಳರ ರಾಜರಾಜಪುರ. ಅವರನ್ನು ಗೆದ್ದು 'ತಲಕಾಡುಗೊಂಡ' ಎನಿಸಿಕೊಂಡ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣನನ್ನೂ ಮರಳಿನಿಂದ ಬಿಡಿಸಿ ಹೊರತೆಗೆಯಬೇಕಾಯಿತು.

ವೈದ್ಯೇಶ್ವರನ ದರ್ಶನ ಮುಗಿಸಿ ಮರಳ ದಾರಿ ಹಿಡಿದೆವು. ಬೇಸಿಗೆಯಲ್ಲಾದರೆ ಬರಿಗಾಲು ಸುಡುತ್ತದೆ. ಈ ಕಾಲದಲ್ಲಿ ಮೆತ್ತಗೆ, ತಂಪು. ಚಪ್ಪಲಿಯ ಬಾರು ಕಿತ್ತುಹೋಗಿದ್ದರಿಂದ ನನಗೆ ಬರಿಗಾಲೇ ಗತಿಯಾಯಿತು. ನೀಲಗಿರಿ ಮರಗಳು ಗಾಳಿಗೆ ತೊನೆದು ಕೊಂಬೆ ಕೊಂಬೆ ಉಜ್ಜಿ ಕಿರ್ ಎನ್ನುತ್ತಿದ್ದವು. ಮರ ಇಲ್ಲದ ಕಡೆ, ಮಳೆ ತಾಗದೆ ಒಣಗಿದ್ದ ದಿಬ್ಬದ ನೆತ್ತಿಯಲ್ಲಿ ಮರಳಿನ ಕಣಗಳು ನೆಗೆದು ನೆಗೆದು ಓಡುತ್ತ ಸುಸ್ಸ್ ಎಂದು ಪಿಸುಗುಡುತ್ತಿದ್ದವು. ಕೂತು, ಕಿವಿಯನ್ನು ನೆಲದ ಹತ್ತಿರ ತಂದರೆ ಮಾತ್ರ ಕೇಳುವಂಥ ಸದ್ದು.

ಪಾತಾಳೇಶ್ವರನ ಗುಡಿ ಇರುವುದು ದಿಬ್ಬದ ತಳದಲ್ಲಿ, ಆಳದ ಹಳ್ಳದಲ್ಲಿ. ಇಳಿಯುತ್ತ ಇಳಿಯುತ್ತ ಮೇಲಿನ ಗಾಳಿ, ಮಕ್ಕಳ ಗಲಾಟೆ, ಎಳನೀರಿನವನ ಕೂಗು ಎಲ್ಲ ಒಂದೊಂದಾಗಿ ಕಳಚಿಕೊಂಡವು. ಪಟ್ಟಣದ ಕಮಾನಿಗೆ ಇದು ತೀರ ಎದುರು. ಅಲ್ಲಿ ಗಾರೆ ಪ್ರತಿ ಸದ್ದನ್ನೂ ತಿರುಗಿ ಎಸೆಯುತ್ತಿತ್ತು. ಇಲ್ಲಿ ಕಣಕಣದ ನಡುವೆ ಸಂದಿರುವ ಮರಳು ಸದ್ದನ್ನು ನುಂಗಿ ತಿರುಗಿ ಕೊಡುವುದೇ ಇಲ್ಲ. ಚಪ್ಪಾಳೆ ತಟ್ಟಿದೆ, ಕೈಯ ಬಳಿಯೇ ಸತ್ತುಹೋಯಿತು. ಸುತ್ತ ಏನೂ ಕೇಳದಿದ್ದಾಗ ನಮ್ಮ ಉಸಿರು, ಕಿವಿಯೊಳಗಿನ ನೆತ್ತರ ಗುಯ್‌ಗುಟ್ಟುವಿಕೆ ಮೇಲೆ ಬರುತ್ತವೆ. ಅದರ ನಡುವೆ ಗಾಳಿ ದಿಕ್ಕು ತಿರುಗಿದಾಗ, ದಿಬ್ಬದ ಮೇಲೆ ಹೋಗುತ್ತಿದ್ದ ಯಾರೋ ಹೆಂಗಸಿನ ಒಂದು ಮಾತು, ಒಂದೇ ಮಾತು, ನಮ್ಮ ಹೆಗಲ ಬಳಿ ಆಡಿದಷ್ಟು ಸ್ಪಷ್ಟವಾಗಿ ಬಂದು ಬಿತ್ತು. ತಮ್ಮ ನನ್ನ ಕೈ ಹಿಡಿದ. ಮರಳಿನೊಳಗಿಂದ ಹೆಣ್ಣಿನ ದನಿ ಕೇಳಿದೆ ಎಂದವರು ಕೇಳಿದ್ದು ಇಂಥದ್ದನ್ನೇ ಎಂದು ನನಗೆ ಆ ಕ್ಷಣದಲ್ಲಿ ಖಾತ್ರಿಯಾಯಿತು.

ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ತೆಪ್ಪಗಳನ್ನು ದಡಕ್ಕೆ ಎಳೆದು ಮಗುಚಿ ಹಾಕಿದ್ದರು. ನೀರು ಜೋರಿರುವಾಗ ಯಾರಾದರೂ ಬಿಡುತ್ತೇನೆ ಎಂದರೂ ಹತ್ತಬೇಡಿ. ತಲಕಾಡಿನ ಮಡುಗಳು ಈಜು ಬಲ್ಲವರನ್ನೂ ಉಳಿಸಿಲ್ಲ. ಕೆಲಸವಿಲ್ಲದೆ ಕೂತಿದ್ದ ತೆಪ್ಪದವರೊಬ್ಬರು ನಮ್ಮನ್ನೂ ಪಕ್ಕಕ್ಕೆ ಕೂರಿಸಿಕೊಂಡರು. ಅರವತ್ತರ ಆಸುಪಾಸು. ಸದ್ದಿನ ಮಾತು ತೆಗೆದದ್ದೇ ತಡ, ಅವರು ಪಟ್ಟಿ ಬಿಚ್ಚಿದರು: "ಗೂಬೆ ಬೇರೆ, ನರಿ ಬೇರೆ, ಬಾವಲಿ ಜಗಳ ಬೇರೆ. ಮಡು ತಿರುಗೋವಾಗ ಒಂದು ಸದ್ದು ಬತ್ತದೆ, ನೀರು ಎಷ್ಟಿದೆ ಅಂತ ಅದ್ರಲ್ಲೇ ಹೇಳ್ಬೋದು." ಮರಳಿನಲ್ಲಿ ಗಂಟೆ ಕೇಳುತ್ತದಂತಲ್ಲ, ಎಂದೆ.

"ಕೇಳ್ತದೆ. ಸುಳ್ಳಲ್ಲ. ಧನುರ್ಮಾಸದಲ್ಲಿ ಬನ್ನಿ. ಕತ್ತಲಿರೋವಾಗ್ಲೇ ಮುಡುಕುತೊರೆ ಮಲ್ಲಪ್ಪಂಗೆ ಪೂಜೆ ಆಯ್ತದೆ. ಹೊಳೆ ಮೇಲೆ ಮಂಜು ಕೂತಿರ್ತದೆ, ಎಲೆ ಅಲ್ಲಾಡಕಿಲ್ಲ. ಆಗ ಅಲ್ಲಿನ ಗಂಟೆ ಇಲ್ಲಿ ಮರಳೊಳಗೇ ಹೊಡ್ದಂಗೆ ಕೇಳ್ತದೆ. ಆಚೆ ದಡದವ್ರು ಗುಸಗುಸ ಅಂದ್ರೂ ಕೇಳ್ತದೆ. ಈಗ ಈ ಗಾಳೀಲಿ ಎಲ್ಲಿ?"

ಪುಸ್ತಕದಲ್ಲಿ ಓದಿದ್ದನ್ನು ಅವರು ಹೊಳೆ ದಂಡೆಯಲ್ಲೇ ಕಲಿತಿದ್ದರು. ಚಳಿಗಾಲದ ಬೆಳಗಿನ ಜಾವ ನೀರು, ನೆಲದ ಮೇಲಿನ ಗಾಳಿ ತಣ್ಣಗಿದ್ದು ಅದರ ಮೇಲೆ ಬೆಚ್ಚನೆಯ ಪದರ ನಿಂತಿರುತ್ತದೆ. ಮೇಲಕ್ಕೆ ಹೋಗಬೇಕಾದ ಸದ್ದು ಆ ಪದರದಲ್ಲಿ ಬಾಗಿ ಮತ್ತೆ ಕೆಳಕ್ಕೆ ಬರುತ್ತದೆ, ಹೊಳೆಗುಂಟ ದೂರ ಸಾಗುತ್ತದೆ. ದಿಬ್ಬಗಳು ಅಡ್ಡವಿದ್ದು ದಿಕ್ಕು ತಿಳಿಯದಿದ್ದರೆ, ಗಂಟೆ ಕಾಲಡಿಯಿಂದಲೇ ಬಂದಂತೆ ಅನಿಸುತ್ತದೆ. ಇದನ್ನು ಅವರಿಗೆ ಹೇಳಿದೆ. ಅವರು ತಲೆದೂಗಿ, "ಹಂಗಾದ್ರೆ ಬೆಳಕು ಹರಿದ ಮೇಲೆ ನಿಂತುಹೋಯ್ತದಲ್ಲ, ಅದೂ ಅದಕ್ಕೇ ಇರ್ಬೇಕು" ಎಂದರು. ಬಿಸಿಲಿಗೆ ನೆಲ ಕಾದರೆ ಪದರ ಒಡೆಯುತ್ತದೆ. ನಾನು ಹೇಳದೆ ಬಿಟ್ಟದ್ದನ್ನು ಅವರೇ ತುಂಬಿದರು.

ರಾತ್ರಿ ಹೊತ್ತು ಕ್ಯಾಮೆರಾ ಹಿಡಿದು ಬಂದು, ದಿಬ್ಬ ಹತ್ತಿ ಕಿರುಚಿ, ಬಾಟಲಿ ಎಸೆದು ಹೋಗುವವರ ಬಗ್ಗೆ ಅವರಿಗೆ ಬಹಳ ಬೇಸರವಿತ್ತು. "ಅವ್ರು ಬಂದಾಗ ಏನೂ ಕೇಳಾಕಿಲ್ಲ. ಅವ್ರದೇ ಸದ್ದು." ಅವರ ಮನೆಯವರು ಸಣ್ಣ ಮೀನಿನ ಸಾರು, ಅನ್ನ ಕಳಿಸಿದ್ದರು, ದುಡ್ಡು ಬೇಡವೆಂದವರಿಗೆ ಒತ್ತಾಯ ಮಾಡಿ ಕೊಟ್ಟೆವು.

ವಾಪಸು ಬರುತ್ತ ಮುಡುಕುತೊರೆಯ ಬೆಟ್ಟ ಹತ್ತಿದೆವು. ಮೆಟ್ಟಿಲುಗಳಿವೆ, ವಯಸ್ಸಾದವರೂ ನಿಧಾನಕ್ಕೆ ಹತ್ತಬಹುದು. ಮೇಲಿಂದ ಹೊಳೆಯ ತಿರುವು, ತಲಕಾಡಿನ ಮರಗಳು ಎಲ್ಲ ಕಾಣುತ್ತವೆ. ಗಂಟೆ ಹೊಡೆದೆ. ಗಾಳಿ ಅದನ್ನು ಚದುರಿಸಿಕೊಂಡು ಹೋಯಿತು, ಕೆಳಗಿನ ಮೆಟ್ಟಿಲಲ್ಲಿದ್ದ ತಮ್ಮನಿಗೇ ಸರಿಯಾಗಿ ಕೇಳಲಿಲ್ಲವಂತೆ. ಅರ್ಚಕರನ್ನು ವಿಚಾರಿಸಿದೆ. ಧನುರ್ಮಾಸದ ಪೂಜೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ. ಗಂಟೆ ಕೇಳಬೇಕಾದರೆ ತಲಕಾಡಿನಲ್ಲೇ ಹಿಂದಿನ ರಾತ್ರಿ ತಂಗಿ, ಬೆಳ್ಳಿ ಮೂಡುವ ಮೊದಲೇ ಹೊಳೆ ದಂಡೆಗೆ ಬಂದು ನಿಲ್ಲಬೇಕು ಎಂದರು. ತೆಪ್ಪದವರ ಫೋನ್ ನಂಬರನ್ನು ತಮ್ಮ ಆಗಲೇ ಬರೆದುಕೊಂಡಿದ್ದ.